ಒಂಟಿ ಕಂಬದ ಮನೆ

“ಹಲಗೆ ಬಿಚ್ಚಿಸು ಪುಟ್ಟಾ. ಆ ಕಂಬಕ್ಕೆ ಕಾಂಕ್ರೀಟು ಸುರಿಸಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

ಮಿಕ್ಸರಿನ ಗಡಗಡ ಸದ್ದಿನಲ್ಲಿ ಅಕ್ಕನ ಮಾತು ಆರ್ಕಿಟೆಕ್ಟನಿಗೆ ಅರ್ಧಂಬರ್ಧ ಕೇಳಿಸಿತು. ಅವಳು ಓಡಿಬಂದಿದ್ದಳು. ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿತ್ತು, ನರೆಗೂದಲು ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಮೇಸ್ತ್ರಿ, ಕೆಲಸದಾಳುಗಳು, ಅವನ ಕಚೇರಿಯ ಕಿರಿಯರು, ಎಲ್ಲರೂ ಕೆಲಸ ಬಿಟ್ಟು ತಿರುಗಿ ನೋಡಿದರು. ಅವನ ಮುಖ ಬಿಸಿಯಾಯಿತು.

“ಏನಕ್ಕ ಇದು, ಎಲ್ಲರ ಮುಂದೆ?”

“ಅದರ ಬುಡದಲ್ಲಿ ಒಂದು ಗಂಟಿದೆ. ನಾನೇ ಹಾಕಿದ್ದು.” ಅವಳ ಬಾಯಿ ಒಣಗಿ ತುಟಿಗಳು ಒಂದಕ್ಕೊಂದು ಅಂಟುತ್ತಿದ್ದವು. “ಮಾಟ ಮಾಡಿಸಿದೆ ಕಣೋ. ನಿನಗೇ ಮಾಡಿಸಿದೆ. ಸಿಟ್ಟಿನಲ್ಲಿ ಕಣ್ಣು ಕಾಣಲಿಲ್ಲ. ನಿನ್ನೆಯಿಂದ ಗಂಟಲಲ್ಲಿ ಒಂದು ತುತ್ತು ಇಳಿದಿಲ್ಲ. ತೆಗೆಸಿಬಿಡು. ಸಿಮೆಂಟು ಬಿದ್ದಮೇಲೆ ನನ್ನ ಕೈಲೂ ಆಗಲ್ಲ, ಯಾರ ಕೈಲೂ ಆಗಲ್ಲ.”

ಅವನಿಗೆ ನಗು ತಡೆಯಲಾಗಲಿಲ್ಲ. “ಇಡೀ ಮಹಡಿಯನ್ನ ಈ ಒಂದು ಕಂಬ ಹೊರುತ್ತೆ ಅಕ್ಕ. ನಿನ್ನ ಒಂದು ಗಂಟು ಇದಕ್ಕೆ ಯಾವ ಲೆಕ್ಕ?”

ಕಿರಿಯರು ಕಿಸಕ್ಕೆಂದರು. ಅವನು ಮೇಸ್ತ್ರಿಯತ್ತ ಕೈ ಎತ್ತಿದ. ಬೂದು ಬಣ್ಣದ ಗಟ್ಟಿ ಕೆಸರು ಹಲಗೆಗಳ ನಡುವಿನ ಕತ್ತಲೆಗೆ ಗಳಗಳನೆ ಇಳಿಯಿತು. ಕಬ್ಬಿಣದ ಸರಳುಗಳು ಹಲ್ಲು ಕಡಿದಂತೆ ಕರಕರ ಎಂದವು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡು ಅಲ್ಲೇ ಮರಳಿನ ಗುಡ್ಡೆಯ ಮೇಲೆ ಕುಸಿದಳು.

ಆ ಜಾಗದಲ್ಲಿ ಮೊದಲು ಅವರಿಬ್ಬರು ಬೆಳೆದ ಪುಟ್ಟ ಮನೆಯಿತ್ತು. ಅಮ್ಮ ತೀರಿಕೊಂಡಾಗ ಅವನು ಅಂಬೆಗಾಲಿಡುವ ಕೂಸು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅಕ್ಕ ಶಾಲೆ ಬಿಟ್ಟು ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದಳು. ಊರವರ ಅಂಗಿಗಳ ಸುಕ್ಕು ತೀಡುತ್ತ ತೀಡುತ್ತ ತಮ್ಮನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ, “ಇವನು ಒಂದು ದಡ ಸೇರಲಿ” ಎನ್ನುತ್ತಿದ್ದಳು. ಅವನು ದಡ ಸೇರಿದ, ಹೆಸರು ಮಾಡಿದ, ಮದುವೆಯಾದ. ಹಳೆಯ ಮನೆ ಕೆಡವಿ ಹೊಸದು ಕಟ್ಟುತ್ತೇನೆಂದಾಗ ಅಕ್ಕ ತುಟಿಪಿಟಕ್ಕೆನ್ನದೆ ಬಾಡಿಗೆಯ ಒಂದು ಕೋಣೆಗೆ ಹೋದಳು. ಒಂದು ಸಂಜೆ ಅವನು ನಕ್ಷೆ ಹರಡಿದ್ದ. ಅವಳು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಕೇಳುತ್ತ ಹೋದಳು: ಇದು? ಅಡುಗೆಮನೆ. ಇದು? ಮಗಳ ಕೋಣೆ. ಇದು? ನನ್ನ ಓದಿನ ಕೋಣೆ.

“ನಂದು?”

“ಗೆಸ್ಟ್ ರೂಮ್ ಇದೆಯಲ್ಲಕ್ಕ. ಯಾವಾಗ ಬಂದರೂ ಅದು ನಿಂದೇ.” ಪೆನ್ಸಿಲಿನ ಮೊನೆ ಹೆರೆಯುತ್ತಲೇ ಹೇಳಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಏನನ್ನೂ ಯೋಚಿಸದೆ. ಯೋಚಿಸದೆ ಹೇಳಿದ್ದೇ ಅವಳನ್ನು ಇರಿದದ್ದು.

ಮನೆ ಎದ್ದು ನಿಂತಿತು. ಬಣ್ಣವಿಲ್ಲ, ಗಾರೆಯಿಲ್ಲ, ಬರೀ ಬೆತ್ತಲೆ ಕಾಂಕ್ರೀಟು. ಹಲಗೆಗಳ ಮರದ ಗೆರೆಗಳು ಗೋಡೆಯ ಮೈಮೇಲೆ ಅಚ್ಚೊತ್ತಿದ್ದವು. ನಡುಮನೆಯಲ್ಲಿ ಆ ಒಂಟಿ ಕಂಬ, ಅದನ್ನು ಬಳಸಿಕೊಂಡು ಮೇಲೇರುವ ಮೆಟ್ಟಿಲು, ಆ ಕಂಬದ ಮೇಲೇ ಗಾಳಿಯಲ್ಲಿ ತೇಲಿದಂತಿದ್ದ ಮಹಡಿ. ಕಿಟಕಿಗಳೆಂದರೆ ಗೋಡೆಯಲ್ಲಿ ಸೀಳಿದ ಕಿರಿದಾದ ಬಿರುಕುಗಳಷ್ಟೇ, ಹಾಗಾಗಿ ಹೊರಗೆ ಇನ್ನೂ ಬಿಸಿಲಿರುವಾಗಲೇ ಒಳಗೆ ಮಬ್ಬು ಕವಿಯುತ್ತಿತ್ತು. ಕಾಲೇಜಿನ ಮಕ್ಕಳು, ಊರೂರಿನ ಕುತೂಹಲಿಗಳು ಮನೆ ನೋಡಲು ಬರುತ್ತಿದ್ದರು. ಅವನು ಬೇಸರವಿಲ್ಲದೆ ಎಲ್ಲರನ್ನೂ ಸುತ್ತಾಡಿಸುತ್ತಿದ್ದ. ಅಕ್ಕ ಮಾತ್ರ ಹೊಸ್ತಿಲು ತುಳಿಯಲಿಲ್ಲ. ಫೋನಿನಲ್ಲಿ ಕೇಳುವುದೂ ಒಂದೇ ಮಾತು: “ಎಲ್ಲ ಸರಿಯಾಗಿದೆ ತಾನೆ? ನಿನ್ನನ್ನ ಎಲ್ಲರೂ ಚೆನ್ನಾಗಿ ಮಾತಾಡಿಸ್ತಾರೆ ತಾನೆ?”

ಶುರುವಾದದ್ದು ಒಂದು ಕಪ್ ಚಹಾದಿಂದ.

ಸಂಜೆ ಕಚೇರಿಯಿಂದ ಬಂದು ಸೋಫಾದ ಮೇಲೆ ಕಾಲು ಚಾಚಿದ್ದ. ಹೆಂಡತಿ ಚಹಾ ತಂದಿಟ್ಟಳು. ಹೂವಿನ ಚಿತ್ತಾರದ ಕಪ್ಪು, ಸಾಸರು, ತಟ್ಟೆಯಲ್ಲಿ ಸಾಲಾಗಿ ಜೋಡಿಸಿದ ಬಿಸ್ಕತ್ತು. ಬಂದವರಿಗೆಂದೇ ಎತ್ತಿಟ್ಟ ಕಪ್ಪುಗಳವು.

“ಸಕ್ಕರೆ ಎಷ್ಟು ಹಾಕಲಿ?” ಎಂದಳು.

“ಏನಿವತ್ತು, ಇಷ್ಟೊಂದು ಉಪಚಾರ!” ಅವನು ನಕ್ಕ.

ಅವಳೂ ನಕ್ಕಳು. ಆದರೆ ಆ ನಗು ತುಟಿಯಂಚಿನಲ್ಲೇ ನಿಂತಿತು, ಗುರುತಿಲ್ಲದವರಿಗೆ ಕೊಡುವ ಅಳತೆಯ ನಗು. ಆಗಲೇ ಎಲ್ಲಿಂದಲೋ ಹಸಿ ಸಿಮೆಂಟಿನ ವಾಸನೆ ಬಂತು, ಅದರೊಳಗೆ ಸಣ್ಣಗೆ ಸುಟ್ಟ ಕೂದಲಿನ ಕಮಟು. ಅವಳು ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು. ಮರುಗಳಿಗೆಯೇ ಹೊರಗಿನಿಂದ ಕೂಗಿದಳು: “ರೀ! ಯಾವಾಗ ಬಂದ್ರಿ? ಬಂದವರು ಒಂದು ಮಾತು ಹೇಳಬಾರದಾ?”

ತಮಾಷೆಯಿರಬೇಕೆಂದುಕೊಂಡ. ಆಮೇಲೆ ಸುಸ್ತಿರಬೇಕೆಂದುಕೊಂಡ. ಹೊಸ ಕಾಂಕ್ರೀಟು ವರ್ಷಗಟ್ಟಲೆ ಉಸಿರಾಡುತ್ತದೆ, ವಾಸನೆ ಬಂದರೆ ಆಶ್ಚರ್ಯವಿಲ್ಲ ಎಂದು ತನಗೆ ತಾನೇ ಪಾಠ ಹೇಳಿಕೊಂಡ. ಆದರೆ ಮತ್ತೊಂದು ಸಂಜೆ ಮಗಳು ಗುಬ್ಬಿ ಮೆಟ್ಟಿಲ ಮೇಲಿಂದ ಇಣುಕಿ, ಕೈ ಜೋಡಿಸಿ, “ನಮಸ್ಕಾರ ಅಂಕಲ್. ಅಪ್ಪ ಇನ್ನೂ ಬಂದಿಲ್ಲ” ಎಂದಳು. ಅವನು ಎರಡೂ ಕೈ ಚಾಚಿದ. ಅವಳು ಕಂಬದ ಹಿಂದೆ ಸರಿದಳು.

ಹೆಂಡತಿಯನ್ನು ಡಾಕ್ಟರ ಬಳಿಗೆ ಕರೆದೊಯ್ದ. ಅವರು ತಲೆಯಿಂದ ಕಾಲಿನವರೆಗೂ ನೋಡಿ, ಏನೂ ಇಲ್ಲವೆಂದರು. ಕಾರಿನಲ್ಲಿ ವಾಪಸ್ಸಾಗುವಾಗ ಅವಳು ಅವನ ತೋಳಿಗೆ ಗುದ್ದಿದಳು. “ನಿಮ್ಮನ್ನ ಮರೀತೀನಾ? ಅಷ್ಟು ಪುಣ್ಯ ಎಲ್ಲಿ ಮಾಡಿದ್ದೀನಿ!” ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕಳು. ಗೇಟು ದಾಟುವಾಗಲೂ ನಗುತ್ತಿದ್ದಳು. ಬೀಗ ತೆಗೆದು ಹೊಸ್ತಿಲೊಳಗೆ ಕಾಲಿಟ್ಟಳು.

ನಗು ನಡುವೆಯೇ ತುಂಡಾಯಿತು.

ತಿರುಗಿ ಅವನನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. “ಬನ್ನಿ, ಒಳಗೆ ಬನ್ನಿ. ಇವರು ಇನ್ನೂ ಆಫೀಸಿನಿಂದ ಬಂದಿಲ್ಲ.”

ಒಳಗಿನಿಂದ ಹಸಿ ಸಿಮೆಂಟಿನ ಗಾಳಿ ಮುಖಕ್ಕೆ ಬಡಿಯಿತು. ಅಂದು ಮೊದಲ ಬಾರಿಗೆ ಅಕ್ಕನ ಮಾತು ನೆನಪಾಗಿ ಅವನಿಗೆ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಗಿಡಗಳಿಗೆ ನೀರು ಹಾಕಲು ಗೇಟಿನ ಬಳಿ ಬಂದಾಗ ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದ. ಹೊರಗಿದ್ದಾಗ ಅವಳು ಅವನ ಹೆಂಡತಿಯೇ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು. “ನಾನು ನಿಮಗೆ ಬನ್ನಿ ಕೂತ್ಕೊಳ್ಳಿ ಅಂದೆನಾ?”

“ಹೋಗಿಬಿಡೋಣ. ಈಗಲೇ. ಉಟ್ಟ ಬಟ್ಟೆಯಲ್ಲೇ.”

“ಗುಬ್ಬಿ ಒಳಗಿದ್ದಾಳೆ.”

“ನಾನು ಕರ್ಕೊಂಡು ಬರ್ತೀನಿ.”

“ನಿಮ್ಮನ್ನ ಕಂಡು ಹೆದರ್ತಾಳೆ ರೀ. ನಾನೇ ಹೋಗ್ತೀನಿ. ಮರೆಯಲ್ಲ. ಬಾಯಲ್ಲಿ ಹೇಳ್ಕೊಂಡೇ ಹೋಗ್ತೀನಿ.” ಅಂಗಡಿಗೆ ಕಳಿಸಿದ ಮಕ್ಕಳು ಸಾಮಾನಿನ ಹೆಸರು ಗುನುಗುವ ಹಾಗೆ ಅವಳು ಗುನುಗುತ್ತ ಹೊರಟಳು: “ಗುಬ್ಬಿ, ಗೇಟು, ಅವಳಪ್ಪ. ಗುಬ್ಬಿ, ಗೇಟು, ಅವಳಪ್ಪ…”

ಬಾಗಿಲವರೆಗೂ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ಅವನು ಕಾದ. ಬಿಸಿಲು ಗೋಡೆ ಹತ್ತಿತು. ಒಳಗೆ ಕುಕ್ಕರ್ ಕೂಗಿತು. ಅವಳು ಏನೋ ಹಾಡಿಕೊಳ್ಳುತ್ತ ಪಾತ್ರೆ ತೊಳೆಯುವ ಸದ್ದು ಕೇಳಿತು. ಕೊನೆಗೆ ಬೆಲ್ ಒತ್ತಿದ. ಚಿಲಕದ ಸರಪಳಿ ಬಿಟ್ಟಷ್ಟೇ ಅಗಲಕ್ಕೆ ಬಾಗಿಲು ತೆರೆಯಿತು.

“ಯಾರು ಬೇಕಿತ್ತು?”

ಅವನು ಕಾರಿನಲ್ಲೇ ರಾತ್ರಿ ಕಳೆಯತೊಡಗಿದ. ಆಮೇಲಾಮೇಲೆ ಆ ಮರೆವು ಹೊಸ್ತಿಲನ್ನೂ ದಾಟಿ ಹೊರಬಂತು. ಶಾಲೆಯ ಗೇಟಿನಲ್ಲಿ ಅವನು “ಗುಬ್ಬೀ” ಎಂದು ಕೂಗಿದಾಗ ಮಗಳು ನಿಂತಳು, ನೋಡಿದಳು, ಟೀಚರ ಬೆರಳು ಹಿಡಿದುಕೊಂಡಳು. “ಗೊತ್ತಿಲ್ಲದವರ ಜೊತೆ ಮಾತಾಡಬಾರದು ಅಂತ ಅಪ್ಪ ಹೇಳಿದ್ದಾರೆ.” ಅದನ್ನು ಹೇಳಿಕೊಟ್ಟವನು ಅವನೇ.

ಅಂದು ಸಂಜೆ ಬೀದಿಯಲ್ಲಿ ಕರೆಂಟು ಹೋಗಿತ್ತು. ಅವನು ಕಾರಿನಿಂದ ದೊಡ್ಡ ಸುತ್ತಿಗೆ ತೆಗೆದುಕೊಂಡ, ತನ್ನದೇ ಕೀಲಿಯಿಂದ ತನ್ನದೇ ಮನೆಯನ್ನು ಕಳ್ಳನಂತೆ ಹೊಕ್ಕ. ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ವಾಸನೆ ಮೂಗಿಗೆ ಗೂಟ ಹೊಡೆದಂತಿತ್ತು. ಕಂಬವನ್ನು ಮುಟ್ಟಿದ. ಗಟ್ಟಿಯಾಗಿ ಎಷ್ಟೋ ಕಾಲವಾಗಿದ್ದ ಕಾಂಕ್ರೀಟು ಅವನ ಅಂಗೈ ಕೆಳಗೆ ಜ್ವರದ ಮೈಯಂತೆ ಬೆವರುತ್ತಿತ್ತು. ಕಿವಿಯಿಟ್ಟ. ಒಳಗೆ, ಬಹಳ ಒಳಗೆ, ಯಾರೋ ಬಿಕ್ಕುತ್ತಿದ್ದರು. ಅಕ್ಕನ ಬಿಕ್ಕು. ಚಿಕ್ಕವನಿದ್ದಾಗ ಗೋಡೆಯಾಚೆಯಿಂದ ಕೇಳಿ ಕೇಳಿ ಅವನಿಗೆ ಪರಿಚಯವಿದ್ದ ಬಿಕ್ಕು.

ಸುತ್ತಿಗೆ ಎತ್ತಿದ. ಬೀಸಿದ.

ಇಡೀ ಮನೆ ಗಂಟೆಯಂತೆ ಮೊಳಗಿತು. ಚೂರು ಸಿಡಿದು ಕೆನ್ನೆ ಸೀಳಿತು. ಮತ್ತೆ ಬೀಸಿದ. ತಲೆಯ ಮೇಲೆ ಮಹಡಿ ನರಳಿತು. ಮತ್ತೆ ಎತ್ತಿದ.

“ಅಮ್ಮಾ! ಕಳ್ಳ! ಅಮ್ಮಾ!”

ಮೆಟ್ಟಿಲ ಮೇಲೆ ಗುಬ್ಬಿ. ಕೈಯಲ್ಲಿ ಮೇಣದಬತ್ತಿ. ಬತ್ತಿ ಬಿತ್ತು. ಕತ್ತಲೆ. ಓಡುವ ಹೆಜ್ಜೆ. ಅವನು ಅತ್ತ ತಿರುಗಿದ. “ಗುಬ್ಬೀ, ನಾನು ಕಣೆ!” ಕಿರುಚಾಟ ಹೆಚ್ಚಿತು. ಕೈ ಚಾಚಿದ. ಪುಟ್ಟ ಭುಜ ಸಿಕ್ಕಿತು. ಹಲ್ಲು ಅವನ ಕೈಗಿಳಿದವು. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆಯಿತು.

ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತರಕಾರಿ ಹೆಚ್ಚುವ ಚಾಕು.

“ಏನು ಬೇಕಾದ್ರೂ ತಗೊಂಡು ಹೋಗಿ. ಮಗೂನ ಬಿಡಿ.”

“ನಾನು ಕಣೇ. ನೋಡು. ಮುಖ ನೋಡು.”

ಅವಳು ನೋಡಿದಳು. ನಿಜವಾಗಿಯೂ ನೋಡಿದಳು. ಆ ಕಣ್ಣುಗಳಲ್ಲಿ ಅವನಿರಲಿಲ್ಲ.

“ನನ್ನ ಗಂಡ ಈಗ ಬಂದ್ಬಿಡ್ತಾರೆ” ಎಂದಳು. ಬೆದರಿಕೆ ಹಾಕಲು ಹೊರಟ ದನಿ ಕೊನೆಯಲ್ಲಿ ಅಳುವಾಯಿತು. “ಇನ್ನೇನು ಬರೋ ಹೊತ್ತು. ಬಂದ್ಬಿಡ್ತಾರೆ.”

ಮೇಲೆ ಮಹಡಿ ಮತ್ತೊಮ್ಮೆ ನರಳಿತು. ಇನ್ನೊಂದು ಏಟು ಬಿದ್ದರೆ ಆ ತೂಕವೆಲ್ಲ ಇವರಿಬ್ಬರ ಮೇಲೆ ಬೀಳುತ್ತದೆಂಬುದು ಅದನ್ನು ಕಟ್ಟಿದವನಿಗೆ ಗೊತ್ತಿತ್ತು. ಸುತ್ತಿಗೆ ಕೈಜಾರಿತು. ಅಕ್ಕಪಕ್ಕದವರು ನುಗ್ಗಿಬಂದು ಅವನನ್ನು ಅಂಗಿ ಹಿಡಿದು ಬೀದಿಗೆ ಎಳೆದರು. ಅವರಲ್ಲೊಬ್ಬರಿಗೂ ಅವನ ಗುರುತು ಹತ್ತಲಿಲ್ಲ. ಜನ ಪೊಲೀಸರನ್ನು ಕರೆಯುವಷ್ಟರಲ್ಲಿ ಅವನು ಕೊಸರಿಕೊಂಡು ಓಡಿದ್ದ.

ಅಕ್ಕ ತನ್ನ ಬಾಡಿಗೆ ಕೋಣೆಯ ಬಾಗಿಲು ತೆರೆದಳು. ಮಬ್ಬು ಬೆಳಕಿನಲ್ಲಿ ಅವನ ರಕ್ತದ ಕೆನ್ನೆ, ಸಿಮೆಂಟು ಮೆತ್ತಿದ ಕೈ ಕಂಡವು. “ಬಾರೋ ಪುಟ್ಟಾ, ಒಳಗೆ ಬಾ” ಎಂದಳು. ಯಾರೂ ಅವನನ್ನು ಏಕವಚನದಲ್ಲಿ ಕರೆದು ಎಷ್ಟು ದಿನವಾಗಿತ್ತೋ. ಅವನು ಹೊಸ್ತಿಲಲ್ಲೇ ಕೂತು, ಮೊಣಕಾಲಿಗೆ ಮುಖವಿಟ್ಟು, ಮಗುವಿನ ಹಾಗೆ ಹೋ ಎಂದು ಅತ್ತ. ಅಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕೆನ್ನೆ ಒರೆಸಿದಳು. ಬಯ್ಯಲಿಲ್ಲ, ಅವತ್ತೇ ಹೇಳಿದ್ದೆನಲ್ಲ ಎನ್ನಲಿಲ್ಲ.

“ನಿನ್ನ ಹಾಲುಹಲ್ಲು ಎತ್ತಿಟ್ಟಿದ್ದೆ ನಾನು” ಎಂದಳು ಸುಮ್ಮನೆ ಗೋಡೆ ನೋಡುತ್ತ. “ಅದನ್ನ ನನ್ನ ಕೂದಲಲ್ಲಿ ಸುತ್ತಿ ಗಂಟು ಹಾಕಿಸಿದೆ. ನಾನು ಅವನ ಮನೆಗೆ ಗೆಸ್ಟ್ ಆದ ಹಾಗೆ ಅವನೂ ಅವನ ಮನೇಲಿ ಗೆಸ್ಟ್ ಆಗಲಿ ಅಂದೆ. ಅಷ್ಟೇ ಕೇಳಿದ್ದು ಕಣೋ. ಅದು ಇಷ್ಟು ದೂರ ಹೋಗುತ್ತೆ ಅಂತ ಗೊತ್ತಿರಲಿಲ್ಲ.”

ಬೆಳಗಾದ ಮೇಲೆ ಇಬ್ಬರೂ ಆ ಗಂಟು ಹಾಕಿಕೊಟ್ಟಿದ್ದ ಗಂಟಜ್ಜಿಯ ಬಳಿ ಹೋದರು. ಹರಿದ ಬಟ್ಟೆ ಹೊಲಿದುಕೊಡುವ ಮುದುಕಿ. ಅವಳ ಇನ್ನೊಂದು ಕೆಲಸದ ಬಗ್ಗೆ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಕೋಣೆಯಲ್ಲಿ ಕಿಟಕಿಯಿರಲಿಲ್ಲ. ಹಳೆಯ ಬಟ್ಟೆಯ ಮುಗ್ಗಲು, ಸುಟ್ಟ ದಾರದ ಹೊಗೆ, ಮೂಲೆಯಲ್ಲಿ ಕಾಣದ ಯಾವುದೋ ಪ್ರಾಣಿಯ ಉಸಿರು. ಮುದುಕಿ ಸೂಜಿಯಿಂದ ಕಣ್ಣೆತ್ತಲಿಲ್ಲ.

“ಕಂಬ ಒಡೀಬಹುದು. ಹಲ್ಲು ಪುಡಿಯಾಗಿ ಅದರಲ್ಲೇ ಬೆರೆತಿದೆ. ಯಾವ ಚೂರಲ್ಲಿ ಅಂತ ಹುಡುಕ್ತೀಯ?”

“ಬೇರೆ ದಾರಿ?” ಅಕ್ಕ ಕೇಳಿದಳು.

“ಈ ಗಂಟಿಗೆ ಹೊರಗೊಬ್ಬರು ಬೇಕು. ಆ ಜಾಗ ಖಾಲಿ ಬಿಡೋ ಹಾಗಿಲ್ಲ. ಇವನು ಒಳಗೆ ಹೋಗಬೇಕಾದ್ರೆ ಇನ್ನೊಬ್ಬರು ಹೊರಗೆ ಬರಬೇಕು.” ಮುದುಕಿ ಹಲ್ಲಿನಿಂದ ದಾರ ಕಡಿದಳು. “ಗಂಟು ಹಾಕಿಸಿದವಳು ನೀನು, ಅದಕ್ಕೇ ನಿನಗೊಬ್ಬಳಿಗೆ ಇವನ ಗುರುತು ಉಳಿದಿದೆ. ಕಂಬ ಮುಟ್ಟಿ, ಹೊರಗಿನವಳು ನಾನು ಅಂತ ಬಾಯಿಬಿಟ್ಟು ಹೇಳು. ಆಮೇಲೆ ನಿನ್ನನ್ನ ಕಂಡವರು ಯಾರೂ ನಿನ್ನ ಗುರುತು ಹಿಡಿಯಲ್ಲ. ಮನೆ ಬಾಡಿಗೆಗೆ ಕೊಟ್ಟವರೂ ಅಷ್ಟೇ, ಜೊತೆಗೆ ದುಡಿದವರೂ ಅಷ್ಟೇ. ಇವನೂ.”

ಇಬ್ಬರೂ ಮನೆಯ ದಾರಿ ಹಿಡಿದರು. ಬೇಡ ಅನ್ನಬೇಕು ಎಂದು ಅವನಿಗೆ ಅನಿಸುತ್ತಲೇ ಇತ್ತು. ಬೇಡಕ್ಕ. ಎಷ್ಟು ಚಿಕ್ಕ ಮಾತು. ಬಾಯಿ ತೆರೆದಾಗಲೆಲ್ಲ ಗುಬ್ಬಿಯ ಕಿರುಚಾಟ ಕಿವಿಗೆ ಬರುತ್ತಿತ್ತು, ಬಾಯಿ ತಾನಾಗಿ ಮುಚ್ಚುತ್ತಿತ್ತು. ತಿರುವಿನಲ್ಲಿ ಅಕ್ಕ ನಿಂತಳು.

“ನೀನೇನೂ ಹೇಳಬೇಡ ಪುಟ್ಟಾ. ಹೇಳೋಕೆ ಕಷ್ಟ ಪಡ್ತಿದ್ದೀಯ, ನಂಗೆ ಕಾಣುತ್ತೆ. ಮಾಡಿದವಳು ನಾನು.”

“ಕೋಣೆ ಇಡಲಿಲ್ಲ ನಾನು” ಎಂದ ಅವನು. ಅಷ್ಟೇ ಆಯಿತು ಅವನ ಕೈಯಲ್ಲಿ.

“ಗೊತ್ತು ಕಣೋ.” ಅವಳು ಅವನ ಅಂಗಿಯ ಕಾಲರನ್ನು ಬೆರಳಿನಿಂದ ತೀಡಿ ಸುಕ್ಕು ಬಿಡಿಸಿದಳು. “ನಡಿ. ಗುಬ್ಬಿ ಕಾಯ್ತಿರ್ತಾಳೆ.”

ಹೆಂಡತಿ ಬಾಗಿಲು ತೆರೆದಳು. ರಾತ್ರಿಯೆಲ್ಲ ಅತ್ತು ಅವಳ ಮುಖ ಊದಿಕೊಂಡಿತ್ತು. “ಅತ್ತಿಗೆ! ಬನ್ನಿ. ನಿನ್ನೆ ಕಳ್ಳ ಬಂದಿದ್ದ. ಇವರು ಇನ್ನೂ ಬಂದಿಲ್ಲ, ಫೋನೂ ಇಲ್ಲ…” ಅಷ್ಟರಲ್ಲಿ ಹಿಂದೆ ನಿಂತವನ ಮೇಲೆ ಕಣ್ಣು ಬಿತ್ತು. ಅವಳು ಹೆದರಿ ಹಿಂದೆ ಸರಿದಳು.

“ಅವನು ನನ್ನ ಜೊತೆ ಬಂದವನು. ಏನೂ ಮಾಡಲ್ಲ” ಎಂದು ಅಕ್ಕ ಒಳಗೆ ನಡೆದಳು. ಆ ಮನೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಒಂದೇ ಒಂದು ಸಲ ಸುತ್ತ ಕಣ್ಣಾಡಿಸಿದಳು. ಆಮೇಲೆ ಕಂಬದ ಎದುರು ನಿಂತು ಬಲಗೈ ಚಾಚಿದಳು.

ವಾಸನೆ ಎದ್ದಿತು. ಹಸಿ ಸಿಮೆಂಟು. ಸುಟ್ಟ ಕೂದಲು. ಗೋಡೆಗಳು ಬೆವರತೊಡಗಿದವು. ಎಲ್ಲೋ ಒಳಗೆ ಕಬ್ಬಿಣ ಕರಕರ ಎಂದಿತು. ಈಗ ಹೇಳಬೇಕು. ಈಗಲಾದರೂ. ಅವನು ಒಂದು ಹೆಜ್ಜೆ ಮುಂದಿಟ್ಟ. “ಅಕ್ಕಾ…”

ಅವಳು ತಿರುಗಲಿಲ್ಲ.

“ಇದು ಅವನ ಮನೆ” ಎಂದಳು. “ಹೊರಗಿನವಳು ನಾನು.”

ಕರಕರ ನಿಂತಿತು. ವಾಸನೆ ಇಲ್ಲ. ಗಾಳಿ ಇಲ್ಲ. ಕಿವಿಯಲ್ಲಿ ಬರೀ ಜುಂಯ್ ಎನ್ನುವ ಸದ್ದು. ಅದೂ ನಿಂತಿತು.

“ರೀ!” ಹೆಂಡತಿ ಓಡಿಬಂದು ಅವನ ಎದೆಗೆ ಬಿದ್ದಳು. “ಎಲ್ಲಿ ಹೋಗಿದ್ರಿ? ಕೆನ್ನೆಗೇನಾಯ್ತು? ಜೀವ ಹೋಗಿತ್ತು ನಂದು!” ಮಹಡಿಯಿಂದ ಗುಬ್ಬಿ ದಡದಡ ಇಳಿದು ಅವನ ಕಾಲು ತಬ್ಬಿದಳು. “ಅಪ್ಪಾ, ನಿನ್ನೆ ಕಳ್ಳ ಬಂದಿದ್ದ! ನಾನು ಕಚ್ಚಿಬಿಟ್ಟೆ!” ಅವನು ಇಬ್ಬರನ್ನೂ ಒಟ್ಟಿಗೆ ಬಾಚಿ ಹಿಡಿದ. ನಕ್ಕ, ಅತ್ತ, ಮತ್ತೆ ನಕ್ಕ. ಎಲ್ಲಿ ಹೋಗಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದ. ಯಾವುದೋ ಕೆಟ್ಟ ಕನಸಿನ ಬಾಲ ಕೈಗೆ ಸಿಕ್ಕಂತಾಗಿ ಜಾರಿಹೋಯಿತು.

ತಲೆಯೆತ್ತಿದಾಗ ಕಂಬದ ಬಳಿ ಯಾರೋ ನಿಂತಿರುವುದು ಕಂಡಿತು. ವಯಸ್ಸಾದ ಹೆಂಗಸು. ನರೆಗೂದಲು, ಅಂಗೈಗೆ ಬೂದು ಪುಡಿ ಮೆತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

“ಯಾರು ಬೇಕಿತ್ತಮ್ಮ?” ಎಂದ ಅವನು, ಮೆಲ್ಲಗೆ.

ಅವಳು ಅಂಗೈಯ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. “ಯಾರೂ ಇಲ್ಲ. ಬಾಗಿಲು ತೆಗೆದಿತ್ತು. ಮನೆ ನೋಡೋಣ ಅಂತ ಬಂದೆ.”

“ಅಯ್ಯೋ, ಧಾರಾಳವಾಗಿ ನೋಡಿ. ತುಂಬಾ ಜನ ಬರ್ತಾರೆ.” ಖುಷಿಯಲ್ಲಿದ್ದ ಅವನು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡೇ ಅವಳನ್ನು ಎಲ್ಲ ಕಡೆ ಸುತ್ತಾಡಿಸಿದ. ಗೋಡೆಯ ಮರದ ಗೆರೆ ತೋರಿಸಿದ, ಬೆಳಕು ಬೀಳುವ ಸೀಳು ತೋರಿಸಿದ, ಒಂದೇ ಕಂಬ ಎಲ್ಲವನ್ನೂ ಹೇಗೆ ಹೊರುತ್ತದೆಂದು ವಿವರಿಸಿದ. ಅವಳು ಗೋಡೆ ನೋಡುತ್ತಿರಲಿಲ್ಲ. ಹೆಂಡತಿ ನೀರು ಕೊಟ್ಟಳು. ಅವಳು ನಿಂತಲ್ಲೇ ಕುಡಿದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಕೊಡಲು ಮನಸ್ಸಿಲ್ಲದವಳಂತೆ.

“ಚೆನ್ನಾಗಿ ಕಟ್ಟಿದ್ದೀರಿ” ಎಂದಳು. ‘ಕಟ್ಟಿದ್ದೀರಿ’ ಎನ್ನುವಾಗ ಅವಳ ದನಿ ಒಡೆಯಿತು. ಅದೇಕೆಂದು ಅವನಿಗೆ ತಿಳಿಯಲಿಲ್ಲ.

ಸೌಜನ್ಯಕ್ಕೆ ಗೇಟಿನವರೆಗೂ ಹೋದ. “ನಿಮ್ಮ ಮನೆ ಎಲ್ಲಿ? ಕಾರಲ್ಲಿ ಬಿಡಲಾ?”

“ಬೇಡ. ಇಲ್ಲೇ, ಹತ್ತಿರಾನೇ.”

ಅವಳು ನಿಧಾನವಾಗಿ ನಡೆದಳು. ತಿರುವಿನಲ್ಲಿ ನಿಂತಳು. ಎಡಕ್ಕೋ ಬಲಕ್ಕೋ ಗೊತ್ತಾಗದವಳ ಹಾಗೆ ಬಹಳ ಹೊತ್ತು ನಿಂತು, ಒಮ್ಮೆ ಹಿಂದಿರುಗಿ ನೋಡಿದಳು. ಅವನ ಎದೆಯೊಳಗೆ ಏನೋ ಹಿಂಡಿದಂತಾಯಿತು. ಹಸಿವಿರಬೇಕೆಂದುಕೊಂಡ. ಮನೆ ನೋಡಲು ಬಂದವರಿಗೆಲ್ಲ ಎತ್ತುವ ಹಾಗೆ ಕೈ ಎತ್ತಿದ.

ಒಳಗಿನಿಂದ “ಅಪ್ಪಾ” ಎಂದು ಗುಬ್ಬಿ ಕರೆದಳು. ಅವನು ಗೇಟು ಹಾಕಿ ಒಳಗೆ ಓಡಿದ.